ಬ್ಯಾಟರಿ ಡಿಕ್ಕಿಗೆ ಹೋಗಲಿ, ಆದರೆ ಅರ್ತ್ ಮರೆಯಬೇಡಿ

ಕಾರಿನ ಬ್ಯಾಟರಿಯನ್ನು ಬಾನೆಟ್ ಕೆಳಗಿಂದ ಡಿಕ್ಕಿಗೆ ಸಾಗಿಸುವವರಲ್ಲಿ ಹೆಚ್ಚಿನವರು ಒಂದೇ ಕಡೆ ಎಡವುತ್ತಾರೆ. ಕೆಂಪು ಕೇಬಲ್‌ಗೆ ಧಾರಾಳವಾಗಿ ದುಡ್ಡು ಸುರಿಯುತ್ತಾರೆ. ಅರ್ತ್ ಅನ್ನು, ಅಂದರೆ ಕರೆಂಟ್ ಕಾರಿನ ಬಾಡಿಯ ಮೂಲಕ ಬ್ಯಾಟರಿಗೆ ವಾಪಸ್ ಬರುವ ಮೈನಸ್ ವಯರನ್ನು ಮಾತ್ರ, ಕೈಗೆ ಸಿಕ್ಕಿದ ಬೋಲ್ಟಿಗೆ ಬಿಗಿದು ಡಿಕ್ಕಿ ಮುಚ್ಚುತ್ತಾರೆ. ಆಮೇಲೆ ಸೆಲ್ಫ್ ಎಳೆಯುವುದಿಲ್ಲ ಎಂದು ಮೊದಲು ಬ್ಯಾಟರಿ, ಅದೂ ಸಾಲದೆ ಸ್ಟಾರ್ಟರ್ ಮೋಟಾರನ್ನೂ ಬದಲಿಸುತ್ತಾರೆ. ತಪ್ಪು ಎರಡರಲ್ಲೂ ಇರುವುದಿಲ್ಲ.

ಈ ಕೆಲಸಕ್ಕೆ ಒಳ್ಳೆಯ ಕಾರಣಗಳೇ ಇವೆ. ಎಂಜಿನ್ ಸುತ್ತ ಜಾಗ ಸಿಗುತ್ತದೆ, ಬ್ಯಾಟರಿ ಬಿಸಿಯಿಂದ ದೂರ ಇರುತ್ತದೆ, ಹದಿನೈದು ಕಿಲೋ ಆಸುಪಾಸಿನ ಭಾರ ಹಿಂದಕ್ಕೆ ಹೋಗುತ್ತದೆ. ಬಿಎಂಡಬ್ಲ್ಯೂ ಇ46, ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5 ಕಾರುಗಳು ಕಾರ್ಖಾನೆಯಿಂದಲೇ ಡಿಕ್ಕಿಯಲ್ಲಿ ಬ್ಯಾಟರಿ ಇಟ್ಟುಕೊಂಡು ಬಂದವು. ಆದರೆ ನಿಮ್ಮದು ಸ್ಟಾರ್ಟ್-ಸ್ಟಾಪ್ (ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ತಾನೇ ಆರಿ ಮತ್ತೆ ಶುರುವಾಗುವ ವ್ಯವಸ್ಥೆ) ಇರುವ ಹೊಸ ಕಾರಾದರೆ ಕೈ ಹಾಕಬೇಡಿ. ಅಂಥ ಕಾರುಗಳಲ್ಲಿ ಸಾಮಾನ್ಯವಾಗಿ ಮೈನಸ್ ಟರ್ಮಿನಲ್ ಮೇಲೆ ಒಂದು ಸೆನ್ಸರ್ ಕೂತಿರುತ್ತದೆ. ಚಾರ್ಜಿಂಗ್ ನಡೆಯುವುದೇ ಅದರ ಲೆಕ್ಕದ ಮೇಲೆ.

ಮೊದಲು ಮೈನಸ್ ಬಿಚ್ಚಿ, ನಂತರ ಪ್ಲಸ್. ಬ್ಯಾಟರಿ ಹೊರಗೆ ತೆಗೆಯಿರಿ.

ಈಗ ಡಿಕ್ಕಿಯಲ್ಲಿ ಜಾಗ ಆರಿಸಿ. ಕೊರೆಯುವ ಮೊದಲು ಕಾರಿನ ಕೆಳಗೆ ಮಲಗಿ ನೋಡಿ. ಪೆಟ್ರೋಲ್ ಟ್ಯಾಂಕ್, ಬ್ರೇಕ್ ಪೈಪ್ ಅಲ್ಲೇ ಇರಬಹುದು. ಬ್ಯಾಟರಿಯ ತಟ್ಟೆಯನ್ನು ನೆಲದ ಆಚೆ ದಾಟುವ ಬೋಲ್ಟ್ ಹಾಕಿ, ಕೆಳಗೆ ಅಗಲವಾದ ಪಟ್ಟಿ ಕೊಟ್ಟು ಬಿಗಿಯಬೇಕು. ತಗಡು ಸ್ಕ್ರೂ ಬೇಡ, ಬಟ್ಟೆಯ ಬೆಲ್ಟ್ ಅಂತೂ ಬೇಡವೇ ಬೇಡ. ಅಪಘಾತದಲ್ಲಿ ಆ ಭಾರ ಸೀಟು ದಾಟಿ ಮುಂದೆ ಬರುತ್ತದೆ. ಮಾಮೂಲಿ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಶೇ 4ರಷ್ಟು ಸೇರಿದರೂ ಅದು ಹೊತ್ತಿಕೊಳ್ಳಬಲ್ಲದು. ಹಾಗಾಗಿ ಮುಚ್ಚಿದ ಪೆಟ್ಟಿಗೆ ಮತ್ತು ಕಾರಿನ ಹೊರಗೆ ಹೋಗುವ ಗಾಳಿ ಕೊಳವೆ ಇರಲೇಬೇಕು. ನನ್ನ ಮಾತು ಕೇಳಿದರೆ ಎಜಿಎಂ ಬ್ಯಾಟರಿಯನ್ನೇ (ಆಸಿಡ್ಡನ್ನು ಗಾಜಿನ ನಾರಿನ ಹಾಳೆ ಹೀರಿ ಹಿಡಿದಿರುವ, ಮುಚ್ಚಿದ ಬ್ಯಾಟರಿ) ತನ್ನಿ. ಅದಕ್ಕೂ ಕೊಳವೆಯ ಬಾಯಿ ಇದ್ದರೆ ಕೊಳವೆ ಹಾಕಿ.

ಕೇಬಲ್ ವಿಷಯದಲ್ಲಿ ಲೆಕ್ಕ ಸುಲಭ. 5 ಮೀಟರ್ ತಾಮ್ರದ ಕೇಬಲ್‌ನಲ್ಲಿ 200 ಆಂಪಿಯರ್ ಹರಿದರೆ, 16 ಚದರ ಮಿ.ಮೀ. ದಪ್ಪದ್ದು 1 ವೋಲ್ಟ್‌ಗಿಂತ ಜಾಸ್ತಿ ನುಂಗುತ್ತದೆ. 35 ಆದರೆ ಅರ್ಧ ವೋಲ್ಟ್, 50 ಆದರೆ ಸುಮಾರು 0.35. ನಾನು ಹೇಳುವುದು 50, ಡೀಸೆಲ್ ಕಾರಿಗಂತೂ ಬೇರೆ ಮಾತೇ ಇಲ್ಲ. ಆಡಿಯೊ ಕಿಟ್‌ಗಳಲ್ಲಿ ಬರುವ ಅಗ್ಗದ ಕೇಬಲ್ ನೋಡಿ ಮೋಸ ಹೋಗಬೇಡಿ. ಎಷ್ಟೋ ಕಿಟ್‌ಗಳಲ್ಲಿ ಅದು ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದದ್ದು. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ, ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ.

ಕೇಬಲ್‌ನ ತುದಿಗೆ ಕೂರುವ, ಬೋಲ್ಟ್ ತೂರುವ ತೂತಿರುವ ಲೋಹದ ಲಗ್‌ಗಳನ್ನು ಹೈಡ್ರಾಲಿಕ್ ಕ್ರಿಂಪರ್ ಎಂಬ ಒತ್ತುವ ಉಪಕರಣದಿಂದಲೇ ಒತ್ತಿಸಿ. ಸುತ್ತಿಗೆಯಿಂದ ಜಜ್ಜಿದ ಲಗ್ ಇವತ್ತು ಹಿಡಿಯುತ್ತದೆ, ನಾಳೆ ಬಿಸಿಯಾಗುತ್ತದೆ.

ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ ಫ್ಯೂಸ್ ಹಾಕಿ. ಅದು ಕಾಯುವುದು ಕೇಬಲನ್ನು. ಅದರ ಆಂಪಿಯರ್ ಕೇಬಲ್ ತಡೆಯುವುದಕ್ಕಿಂತ ಕಡಿಮೆ ಇರಲಿ, ಆದರೆ ಸ್ಟಾರ್ಟರ್ ಎಳೆಯುವ ಕ್ಷಣದ ಹೊರೆಗೆ ಸುಡದಂಥ ನಿಧಾನದ ಫ್ಯೂಸ್ ಆಗಿರಲಿ. ಫ್ಯೂಸ್ ಇಲ್ಲದ ಕೇಬಲ್ ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೆ ಸೀಟಿನ ಕೆಳಗೇ ಬೆಂಕಿ. ಕೇಬಲನ್ನು ಕೊಳವೆಯೊಳಗೆ ಎಳೆಯಿರಿ, ಸೈಲೆನ್ಸರ್ ಪೈಪು, ಪೆಟ್ರೋಲ್ ಲೈನು, ಸೀಟಿನ ಹಳಿಗಳಿಂದ ದೂರ ಇಡಿ. ತಗಡು ದಾಟುವ ಕಡೆಯೆಲ್ಲಾ ರಬ್ಬರ್ ಗ್ರೊಮೆಟ್, ಅಂದರೆ ತೂತಿನ ಅಂಚಿಗೆ ಕೂರುವ ಬಳೆ.

ಇನ್ನು ಅರ್ತ್. ಇಲ್ಲಿ ಅವಸರ ಬೇಡ.

ಹಿಂದೆ ದಪ್ಪ ತಗಡಿನ ಭಾಗ ಹುಡುಕಿ, ತೆಳು ಹಾಳೆಯಂಥ ಜಾಗ ಆಗದು. ಸೀಟ್ ಬೆಲ್ಟಿನ ಬೋಲ್ಟ್ ಮುಟ್ಟಬೇಡಿ. ಒಂದು ರೂಪಾಯಿ ನಾಣ್ಯಕ್ಕಿಂತ ತುಸು ಅಗಲವಾಗಿ ಬಣ್ಣವನ್ನು, ಅದರ ಕೆಳಗಿನ ಪ್ರೈಮರನ್ನೂ, ಲೋಹ ಹೊಳೆಯುವವರೆಗೆ ಉಜ್ಜಿ. ಲಗ್ ನೇರವಾಗಿ ಲೋಹದ ಮೇಲೇ ಕೂರಬೇಕು. ವಾಷರ್ ಲಗ್‌ನ ಮೇಲೆ ಬರಲಿ, ನಡುವೆ ಅಲ್ಲ. 8 ಮಿ.ಮೀ. ಬೋಲ್ಟ್, ಹಿಂದೆ ನಟ್. ಚೆನ್ನಾಗಿ ಬಿಗಿದ ಮೇಲೆ ಸುತ್ತ ಬಣ್ಣ ಹಚ್ಚಿ. ಮೈನಸ್ ಕೇಬಲ್ ಪ್ಲಸ್ಸಿನಷ್ಟೇ ದಪ್ಪ ಇರಬೇಕು.

ಇಷ್ಟಕ್ಕೇ ಕೆಲಸ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ. ಮುಂದೆ ಇನ್ನರ್ಧ ಇದೆ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ, ಅಂದರೆ ಬಾಡಿಗೂ ಅದಕ್ಕೂ ನೇರ ಲೋಹದ ಸಂಪರ್ಕ ಇಲ್ಲ. ಹೆಚ್ಚಿನ ಕಾರುಗಳಲ್ಲಿ ಬ್ಯಾಟರಿಯಿಂದ ಎಂಜಿನ್‌ಗೆ ಅಥವಾ ಗೇರ್‌ಬಾಕ್ಸ್‌ಗೆ ಒಂದು ದಪ್ಪ ಮೈನಸ್ ಕೇಬಲ್, ಬಾಡಿಗೆ ಒಂದು ಸಣ್ಣ ವಯರ್ ಇರುತ್ತದೆ. ಬ್ಯಾಟರಿಯ ಜೊತೆ ಆ ದಪ್ಪ ಕೇಬಲ್ ಹೋಯಿತು, ಅಲ್ವಾ? ಈಗ ಸ್ಟಾರ್ಟರ್‌ನ ನೂರಾರು ಆಂಪಿಯರ್ ಉಳಿದ ಸಣ್ಣ ವಯರಿನಲ್ಲೇ ವಾಪಸ್ ಬರಬೇಕು. ಅದೂ ಸಾಲದಿದ್ದರೆ ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಮೂಲಕ ನುಗ್ಗುತ್ತದೆ, ಅವು ಸುಟ್ಟು ಹೋಗುತ್ತವೆ. ಆದ್ದರಿಂದ ಗೇರ್‌ಬಾಕ್ಸ್‌ನ ಬೋಲ್ಟಿನಿಂದ ಬಾಡಿಗೆ 50 ಚದರ ಮಿ.ಮೀ.ಯದ್ದೇ ಹೊಸ ಕೇಬಲ್ ಹಾಕಿ. ಎಂಜಿನ್ ಅಲುಗುತ್ತದೆ, ತುಸು ಸಡಿಲ ಬಿಡಿ. ಇಲ್ಲೂ ಬಣ್ಣ ಉಜ್ಜಬೇಕು.

ಪ್ಲಸ್ ಮೊದಲು, ಮೈನಸ್ ಕೊನೆಗೆ ಜೋಡಿಸಿ. ಆಮೇಲೆ ಅಂದಾಜಿನಲ್ಲಿ ಬಿಡಬೇಡಿ, ಅಳೆಯಿರಿ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬದ ಮೇಲೆ, ಇನ್ನೊಂದಕ್ಕೆ ಉದ್ದ ವಯರ್ ಕಟ್ಟಿ ಎಂಜಿನ್ನಿನ ಬರಿ ಲೋಹದ ಮೇಲೆ. ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. 0.3 ವೋಲ್ಟ್ ಒಳಗಿದ್ದರೆ ಅರ್ತ್ ಸರಿಯಾಗಿದೆ. ಜಾಸ್ತಿ ತೋರಿಸಿದರೆ ಒಂದೊಂದೇ ಜೋಡಣೆಯ ಎರಡೂ ಬದಿ ಅಳೆಯುತ್ತಾ ಬನ್ನಿ, ಎಲ್ಲಿ ಅಂಕಿ ಏರುತ್ತದೋ ಅಲ್ಲಿ ಮತ್ತೆ ಉಜ್ಜಿ. ಪ್ಲಸ್ ಬದಿಯನ್ನೂ ಬ್ಯಾಟರಿಯಿಂದ ಸ್ಟಾರ್ಟರ್‌ವರೆಗೆ ಹೀಗೇ ಅಳೆಯಿರಿ, ಅಲ್ಲಿ ಅರ್ಧ ವೋಲ್ಟ್‌ವರೆಗೆ ಪರವಾಗಿಲ್ಲ.

ಬಾನೆಟ್ ಕೆಳಗೆ ಪ್ಲಸ್ ಕೇಬಲ್‌ಗೆ ಸೇರಿದ, ಮುಚ್ಚಳ ಇರುವ ಒಂದು ಸ್ಟಡ್ (ಬೋಲ್ಟಿನಂಥ ಕಂಬ) ಉಳಿಸಿಕೊಳ್ಳಿ. ಬ್ಯಾಟರಿ ಸತ್ತ ದಿನ ಡಿಕ್ಕಿಯ ವಿದ್ಯುತ್ ಬೀಗ ತೆರೆಯುವುದಿಲ್ಲ, ಬೇರೆ ಬ್ಯಾಟರಿಯಿಂದ ಜಂಪ್ ಕೊಡಲು ಆಗ ಆ ಸ್ಟಡ್ಡೇ ದಾರಿ. ಒಂದು ತಿಂಗಳು ಓಡಿಸಿದ ಮೇಲೆ ಎಲ್ಲಾ ಬೋಲ್ಟ್‌ಗಳನ್ನೂ ಮತ್ತೊಮ್ಮೆ ಬಿಗಿಯಿರಿ.