ಎಂ.ಆರ್ಕ್. ತಲೆಯಲ್ಲಿಟ್ಟುಕೊಂಡು ಬಿ.ಆರ್ಕ್. ಹುಡುಕಿದ್ದು

ಅಡಿಕೆ ಸುಲಿಯುವ ಹೊತ್ತಿಗೆ ನಮ್ಮ ಮನೆಯಲ್ಲಿ ಊರಿನ ಎಲ್ಲಾ ವಿಷಯಗಳೂ ತೀರ್ಮಾನ ಆಗುತ್ತವೆ. ಯಾರ ತೋಟಕ್ಕೆ ಕೊಳೆ ಬಂತು, ಯಾರ ಮಗಳಿಗೆ ಎಲ್ಲಿ ಗಂಡು ಗೊತ್ತಾಯಿತು, ಯಾರ ಮಗ ಯಾವ ಕಾಲೇಜು. ನಾನು ಸೆಕೆಂಡ್ ಪಿಯುಸಿಯಲ್ಲಿದ್ದ ಚಳಿಗಾಲ ಅದು. ಆರ್ಕಿಟೆಕ್ಚರ್ ಓದುತ್ತೇನೆ ಅಂದೆ. ಮೆಟ್ಟುಗತ್ತಿ ಮುಂದೆ ಕೂತಿದ್ದ ಮಾವ ತಲೆ ಎತ್ತದೆ ಕೇಳಿದರು, "ಅಂದ್ರೆ ಸಿವಿಲ್ಲಾ?" ಪಕ್ಕದಲ್ಲಿದ್ದವರು "ಸುರತ್ಕಲ್‌ಗೆ ಹಾಕು, ಹತ್ತಿರ ಆಗುತ್ತೆ" ಅಂದರು. ಸುರತ್ಕಲ್ ಎನ್‌ಐಟಿಯಲ್ಲಿ ಬಿ.ಆರ್ಕ್., ಅಂದರೆ ಆರ್ಕಿಟೆಕ್ಚರಿನ ಮೊದಲ ಡಿಗ್ರಿ, ಇಲ್ಲ ಅಂತ ಆ ವರ್ಷ ಎಷ್ಟು ಜನಕ್ಕೆ ಹೇಳಿದೆನೋ ಲೆಕ್ಕವಿಲ್ಲ.

ನನಗೆ ಬೇಕಾಗಿದ್ದು ಹೊಸ ಮನೆ ಕಟ್ಟುವುದಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ಊರಿನಲ್ಲಿ ವರ್ಷಕ್ಕೆ ಒಂದಾದರೂ ತೊಟ್ಟಿ ಮನೆ ಬೀಳುತ್ತಿತ್ತು. ಬೀಳುತ್ತಿತ್ತು ಅನ್ನುವುದಕ್ಕಿಂತ ಬೀಳಿಸುತ್ತಿದ್ದರು. ಕಂಬ, ತೊಲೆ ಮಾರಾಟ, ಮಣ್ಣು ತೋಟಕ್ಕೆ, ಆ ಜಾಗದಲ್ಲಿ ಆರ್‌ಸಿಸಿ. ರಿಪೇರಿ ಮಾಡುವವರು ಯಾಕಿಲ್ಲ ಅನ್ನುವುದು ನನ್ನ ಪ್ರಶ್ನೆ. ಶಿವಮೊಗ್ಗದ ಒಬ್ಬ ಎಂಜಿನಿಯರ್ ಹೇಳಿದ ಮೇಲೆ ಗೊತ್ತಾಯಿತು, ಅದಕ್ಕೆ ಕನ್ಸರ್ವೇಶನ್ ಅಂತಲೇ ಒಂದು ವಿಷಯ ಇದೆ, ಅದನ್ನು ಮಾಸ್ಟರ್ಸ್‌ನಲ್ಲಿ, ಅಂದರೆ ಎಂ.ಆರ್ಕ್.ನಲ್ಲಿ ಓದಬೇಕು. ಅಂದರೆ ಮೊದಲ ಡಿಗ್ರಿ ಐದು ವರ್ಷ, ಆಮೇಲೆ ಇನ್ನೆರಡು. ಅಪ್ಪ ಬೆರಳಲ್ಲಿ ಎಣಿಸಿ, "ಏಳು ವರ್ಷಕ್ಕೆ ಅಡಿಕೆ ಸಸಿ ಫಲಕ್ಕೆ ಬರುತ್ತೆ" ಅಂದರು. ಬೈದದ್ದೋ ಒಪ್ಪಿದ್ದೋ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಆ ವರ್ಷ ಅಡಿಕೆಗೆ ರೇಟು ಬಂದಿತ್ತು, ಹಾಗಾಗಿ ಮಾತು ಅಲ್ಲಿಗೇ ನಿಂತಿತು.

ಮೊದಲು ಎಡವಿದ ಕಥೆ ಹೇಳಿಬಿಡುತ್ತೇನೆ. ಒಂದು ಖಾಸಗಿ ಸಂಸ್ಥೆಯ ಬ್ರೋಷರ್ ಮನೆಗೆ ಬಂತು. ಹೆಸರಲ್ಲಿ ಆರ್ಕಿಟೆಕ್ಚರ್ ಅಂತ ಇತ್ತು, ನಾಲ್ಕು ವರ್ಷದ ಕೋರ್ಸು, ಬಿ.ಆರ್ಕ್. ಸೇರಲು ಬರೆಯುವ ನಾಟಾ ಪ್ರವೇಶ ಪರೀಕ್ಷೆಯೂ ಬೇಡ. ಒಂದು ವರ್ಷ ಉಳಿಯಿತು ಅಂತ ಅಪ್ಪ ಅಡ್ವಾನ್ಸ್ ಕಟ್ಟಲು ಹೊರಟೇಬಿಟ್ಟಿದ್ದರು. ತಡೆದದ್ದು ಅದೇ ಎಂಜಿನಿಯರ್. ನಮ್ಮ ದೇಶದಲ್ಲಿ ಆರ್ಕಿಟೆಕ್ಟ್ ಅಂತ ಬೋರ್ಡ್ ಹಾಕಿಕೊಳ್ಳಬೇಕಾದರೆ 1972ರ ಆರ್ಕಿಟೆಕ್ಟ್ಸ್ ಆ್ಯಕ್ಟ್ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆಗಿರಬೇಕು. ಕೌನ್ಸಿಲ್ ಒಪ್ಪಿದ ಡಿಗ್ರಿ ಇಲ್ಲದಿದ್ದರೆ ನೋಂದಣಿ ಇಲ್ಲ. ಎಂ.ಆರ್ಕ್.ಗೆ ಹೋಗುವಾಗಲೂ ಮೊದಲು ಕೇಳುವುದು ಬಿ.ಆರ್ಕ್. ಇದೆಯಾ ಅಂತಲೇ. ಆ ನಾಲ್ಕು ವರ್ಷದ ಡಿಗ್ರಿ ಹಿಡಿದುಕೊಂಡು ನಾನು ಮುಂದೆ ಯಾವ ಬಾಗಿಲು ತಟ್ಟುವುದು? ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ಒಪ್ಪಿಗೆ ಪಡೆದ ಕಾಲೇಜುಗಳ ಪಟ್ಟಿ ಇರುತ್ತದೆ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಕೊಟ್ಟಿಗೆ ಹಿಂದಿನ ದರೆ ಮೇಲೆ ಮಾತ್ರ. ಅಲ್ಲಿ ನಿಂತು ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ನೋಡಿದೆ. ಆ ಹೆಸರು ಇರಲಿಲ್ಲ.

ನಾಟಾ ಬರೆದೆ. ಕರ್ನಾಟಕದ ಸೀಟಿಗೆ ಪಿಯುಸಿ ಅಂಕ ಅರ್ಧ, ನಾಟಾ ಅರ್ಧ ಸೇರಿಸಿ ರ‍್ಯಾಂಕ್ ಕೊಡುತ್ತಾರೆ, ಹಾಗಾಗಿ ಪಿಯುಸಿಯನ್ನು ಕಡೆಗಣಿಸುವ ಹಾಗಿರಲಿಲ್ಲ. ಜೆಇಇಯ ಪೇಪರ್ 2 ಕೂಡ ಬರೆದೆ. ಕ್ಯಾಲಿಕಟ್, ತಿರುಚ್ಚಿಯ ಎನ್‌ಐಟಿಗಳಿಗೂ, ದೆಹಲಿ, ಭೋಪಾಲ್, ವಿಜಯವಾಡದ ಸ್ಕೂಲ್ ಆಫ್ ಪ್ಲ್ಯಾನಿಂಗ್ ಆ್ಯಂಡ್ ಆರ್ಕಿಟೆಕ್ಚರ್‌ಗಳಿಗೂ (ಎಸ್‌ಪಿಎ) ಅದೇ ದಾರಿ. ಅದರಲ್ಲಿ ಬಂದ ರ‍್ಯಾಂಕಿನ ಬಗ್ಗೆ ಮಾತಾಡದಿರುವುದೇ ಒಳ್ಳೆಯದು.

ಸೀಟು ಸಿಗಬಹುದಾದ ಕಾಲೇಜುಗಳು ನಾಲ್ಕೈದು ಉಳಿದವು. ಎಲ್ಲರೂ ಪ್ಲೇಸ್‌ಮೆಂಟ್ ಕೇಳು ಅಂದರು. ನಾನು ರಾತ್ರಿ ಬಸ್ಸು ಹತ್ತಿ ಮೂರು ಕಾಲೇಜುಗಳಿಗೆ ಹೋಗಿ ಬಂದೆ. ಹೋದದ್ದು ಕೊನೆ ವರ್ಷದವರು ಥೀಸಿಸ್ ಹಾಳೆಗಳನ್ನು ಗೋಡೆಗೆ ಹಾಕುವ ಸಮಯ ನೋಡಿಕೊಂಡು. ನಾನು ಮಾಡಿದ್ದರಲ್ಲಿ ಬುದ್ಧಿವಂತಿಕೆಯ ಕೆಲಸ ಇದೊಂದೇ ಇರಬೇಕು. ಆಫೀಸಿನಲ್ಲಿ ಕೂರಿಸಿ ತೋರಿಸುವ ಬ್ರೋಷರ್ ಬೇರೆ, ಆ ಗೋಡೆ ಬೇರೆ.

ಮೊದಲ ಕಾಲೇಜಿನಲ್ಲಿ ನಲವತ್ತು ಹಾಳೆ ನೋಡಿದರೂ ಒಬ್ಬರೇ ಮಾಡಿದ ಹಾಗಿತ್ತು. ಎಲ್ಲವೂ ಗಾಜಿನ ಏರ್‌ಪೋರ್ಟು, ಗಾಜಿನ ಮಾಲು. ಒಬ್ಬ ಹುಡುಗನನ್ನು ಕೇಳಿದೆ, ವಿಷಯ ನಿಮ್ಮದೇನಾ, ಕೊಟ್ಟಿದ್ದಾ? ಅವನು ಆಚೀಚೆ ನೋಡಿ ನಕ್ಕ. ಎರಡನೆಯದರಲ್ಲಿ ಕೆಲಸ ಚೆನ್ನಾಗಿತ್ತು, ಆದರೆ ಹಳೆ ಕಟ್ಟಡದ ವಾಸನೆಯೇ ಇರಲಿಲ್ಲ. ಮೂರನೆಯದು ನೋಡಲು ಅಷ್ಟಕ್ಕಷ್ಟೆ. ಕಟ್ಟಡ ಹಳತು, ಹಾಸ್ಟೆಲ್ ದೂರ. ಆದರೆ ಎರಡನೇ ವರ್ಷದವರ ಸ್ಟುಡಿಯೋ ಗೋಡೆ ಮೇಲೆ ಪೆನ್ಸಿಲ್ಲಿನಲ್ಲಿ ಬಿಡಿಸಿದ ಒಂದು ದೊಡ್ಡ ಹಾಳೆ ಇತ್ತು. ಯಾವುದೋ ಊರಿನ ಕಲ್ಯಾಣಿ. ಪ್ರತಿ ಮೆಟ್ಟಿಲಿಗೂ ಅಳತೆ, ಎಲ್ಲಿ ಕಲ್ಲು ಜಾರಿದೆ, ಎಲ್ಲಿ ಬೇರು ನುಗ್ಗಿದೆ, ಎಲ್ಲವೂ. ಅಳತೆ ಡ್ರಾಯಿಂಗ್‌ಗೆ ವರ್ಷಕ್ಕೊಂದು ಊರಿಗೆ ಕರೆದುಕೊಂಡು ಹೋಗುತ್ತಾರಂತೆ. ಕನ್ಸರ್ವೇಶನ್ ಓದಿದ ಇಬ್ಬರು ಮೇಷ್ಟ್ರು ಅಲ್ಲಿದ್ದರು. ಹಿಂದಿನ ಬ್ಯಾಚಿನವರು ಮಾಸ್ಟರ್ಸ್‌ಗೆ ಎಲ್ಲೆಲ್ಲಿಗೆ ಹೋದರು ಅಂತ ಕೇಳಿದರೆ ಆಫೀಸಿನವರಿಗಿಂತ ಮೊದಲು ಮೇಷ್ಟ್ರೇ ಹೇಳಿದರು. ಅಲ್ಲಿಗೇ ಸೇರಿದೆ.

ಹೊರದೇಶದ ವಿಷಯವೂ ತಲೆಯಲ್ಲಿತ್ತು. ನ್ಯೂಜೆರ್ಸಿಯ ಚಿಕ್ಕಪ್ಪ ಫೋನಿನಲ್ಲಿ, "ಇಲ್ಲಿ ನಾಲ್ಕೇ ವರ್ಷ, ನಿಮ್ಮಲ್ಲಿ ಐದು ಯಾಕೆ?" ಅನ್ನುತ್ತಿದ್ದರು. ಅಮೆರಿಕದಲ್ಲಿ ಎರಡೂ ಇವೆ. ನಾಲ್ಕು ವರ್ಷದ ಬಿ.ಎಸ್. ಮಾಡಿದವರು ಆಮೇಲೆ ಎಂ.ಆರ್ಕ್. ಮಾಡಿದರೇ ವೃತ್ತಿಯ ಡಿಗ್ರಿ ಪೂರ್ತಿ ಆಗುವುದು. ಐದು ವರ್ಷದ ಬಿ.ಆರ್ಕ್. ಅಲ್ಲೂ ಇದೆ, ಅದೇ ವೃತ್ತಿಯ ಡಿಗ್ರಿ. ನಮ್ಮ ಬಿ.ಆರ್ಕ್. ಹಿಡಿದು ಹೋದವರು ಸಾಮಾನ್ಯವಾಗಿ ಸೇರುವುದು ಒಂದೂವರೆ, ಎರಡು ವರ್ಷದ ಪೋಸ್ಟ್ ಪ್ರೊಫೆಷನಲ್ ಕೋರ್ಸಿಗೆ, ಅಂದರೆ ವೃತ್ತಿಯ ಡಿಗ್ರಿ ಆಗಲೇ ಇದ್ದವರ ಕೋರ್ಸಿಗೆ. ಹಾರ್ವರ್ಡ್‌ನ ಎಂ.ಆರ್ಕ್. 2, ಎಂಐಟಿಯ ಎಸ್‌ಎಂಆರ್ಕ್ಸ್ ಇಂಥವು. ಇಲ್ಲೊಂದು ಗುಂಡಿ ಇದೆ. ಅಂಥ ಕೋರ್ಸುಗಳಿಗೆ ಸಾಮಾನ್ಯವಾಗಿ ಎನ್‌ಎಎಬಿ, ಅಂದರೆ ಅಲ್ಲಿನ ಆರ್ಕಿಟೆಕ್ಚರ್ ಡಿಗ್ರಿಗಳನ್ನು ಒಪ್ಪುವ ಮಂಡಳಿಯ ಮಾನ್ಯತೆ ಇರುವುದಿಲ್ಲ. ಅಲ್ಲೇ ಲೈಸೆನ್ಸ್ ತೆಗೆದುಕೊಂಡು ನೆಲೆಸುವ ಆಸೆ ಇದ್ದವರು ಮಾನ್ಯತೆ ಇರುವ ಎಂ.ಆರ್ಕ್. ಮಾಡಬೇಕು, ಇಲ್ಲವೇ ನಮ್ಮ ಡಿಗ್ರಿಯನ್ನು ಬೇರೆಯಾಗಿ ತೂಗಿಸಿಕೊಳ್ಳಬೇಕು. ಹೆಸರು ನೋಡಿ ಸೇರಿ ಆಮೇಲೆ ಕಣ್ಣು ಬಿಟ್ಟವರನ್ನು ನಾನು ಬಲ್ಲೆ. ಇಂಗ್ಲೆಂಡಿನದು ಇನ್ನೊಂದು ಲೆಕ್ಕ, ಆಗ ಆರ್ಕಿಟೆಕ್ಟ್ ಆಗಲು ಪಾರ್ಟ್ 1, 2, 3 ಅಂತ ಮೂರು ಹಂತ ಇತ್ತು. ಒಂದು ವರ್ಷದ ಎಂ.ಎ. ಮಾಡಿದರೆ ಪಾರ್ಟ್ 2 ಆಗಿಬಿಡುತ್ತಿರಲಿಲ್ಲ. ಊರಿಗೆ ವಾಪಸ್ ಬರುವವರಿಗೆ ಇದ್ಯಾವುದೂ ತಲೆನೋವಲ್ಲ. ಇಲ್ಲಿ ನೋಂದಣಿಗೆ ಬಿ.ಆರ್ಕ್. ಸಾಕು.

ಕಾಲೇಜು ಸರಿಯಾಗಿ ಆರಿಸಿದೆ ಅಂತ ಬೀಗಿಕೊಂಡು ಒಳಗೆ ಹೋಗಿ ಮಾಡಿದ ಪೆದ್ದುತನ ಇದು. ಮೊದಲ ಎರಡು ವರ್ಷದ ಹಾಳೆ, ಮಾಡೆಲ್ ಎಲ್ಲವನ್ನೂ ಮೂಟೆ ಕಟ್ಟಿ ಮನೆಯ ಅಟ್ಟಕ್ಕೆ ಹಾಕಿದ್ದೆ. ಮಾಸ್ಟರ್ಸ್‌ಗೆ ಪೋರ್ಟ್‌ಫೋಲಿಯೋ ಬೇಕು ಅಂತ ಗೊತ್ತಿತ್ತು, ಕೊನೆಗೆ ಒಟ್ಟಿಗೇ ಫೋಟೋ ತೆಗೆದರಾಯಿತು ಅಂದುಕೊಂಡೆ. ನಮ್ಮ ಮಳೆಗಾಲ ನನಗೇ ಮರೆತುಹೋಗಿತ್ತು ನೋಡಿ. ಆಗಸ್ಟಿನಲ್ಲಿ ಬಂದು ಬಿಚ್ಚಿದರೆ ಬೂದು ಬಣ್ಣದ ಬೂಷ್ಟು. ಮೌಂಟ್‌ಬೋರ್ಡಿನ ಮಾಡೆಲ್ಲು ನೆನೆದ ಹಪ್ಪಳದ ಹಾಗೆ ಬಾಗಿತ್ತು. ಅಂಟು ಬಿಟ್ಟ ಪುಟ್ಟ ಪುಟ್ಟ ಕಿಟಕಿಗಳು ಮೂಟೆಯ ತಳದಲ್ಲಿ ಸೇರಿದ್ದವು. ಗೆದ್ದಲು ತಿಂದು ಉಳಿಸಿದ ಒಂದು ಸೆಕ್ಷನ್ ಹಾಳೆಯಲ್ಲಿ ಮೇಷ್ಟ್ರ ಕೆಂಪು ಶಾಯಿಯ 'ಗುಡ್' ಮಾತ್ರ ನೆಟ್ಟಗಿತ್ತು. ಅವತ್ತಿಂದ ಮಾಡಿದ ದಿನವೇ ಸ್ಕ್ಯಾನ್, ಮಾಡೆಲ್ ಆದರೆ ಬೆಳಗಿನ ಬಿಸಿಲಿನಲ್ಲಿ ಅಂಗಳಕ್ಕಿಟ್ಟು ಫೋಟೋ.

ಅದೇ ರಜೆಯಲ್ಲಿ, ಹೊಟ್ಟೆ ಉರಿದುಕೊಂಡು ಕೂರುವ ಬದಲು, ನಮ್ಮ ಮನೆಯನ್ನೇ ಅಳೆಯಲು ಶುರು ಮಾಡಿದೆ. ಯಾರೂ ಹೇಳಿರಲಿಲ್ಲ, ಸುಮ್ನೆ. ಟೇಪಿನ ಒಂದು ತುದಿ ಅಜ್ಜಿಯ ಕೈಯಲ್ಲಿ. ಗೋಡೆಗಳಿಗೆ ಸೋಗೆ ತಟ್ಟಿ ಕಟ್ಟಿದ್ದರಿಂದ ಹೊರಗಿನ ಅಳತೆ ತೆಗೆಯಲು ಆಗಲಿಲ್ಲ, ಒಳಗಿಂದ ಹೊರಟೆ. ತೊಟ್ಟಿಯ ನಾಲ್ಕು ಬದಿ ಅಳೆದಾಯಿತು. ಮೂಲೆಯಿಂದ ಮೂಲೆಗೆ ಎಳೆದರೆ ಒಂದು ಕರ್ಣ ಇನ್ನೊಂದಕ್ಕಿಂತ ಏಳು ಇಂಚು ಉದ್ದ. ಮೂರು ಸಲ ಎಳೆದೆ. ಅಜ್ಜಿಗೆ ಬೇಜಾರು ಬಂತು. "ಎಷ್ಟು ಎಳೆದ್ರೂ ಅಷ್ಟೇ. ಹಿಂದಿನ ಗೋಡೆ ಮಳೆಗೆ ಕುಸಿದಿತ್ತು. ಮತ್ತೆ ಕಟ್ಟೋವಾಗ ಹಲಸಿನ ಮರದ ಬೇರು ಅಡ್ಡ ಬಂತು ಅಂತ ನಿಮ್ಮಜ್ಜ ಒಂಚೂರು ಓರೆ ಮಾಡಿಸಿದ್ರು." ನಾಗಂದಿಗೆ, ಜಗಲಿಯ ಕಂಬ, ತಲೆ ಬಗ್ಗಿಸಿ ಹೋಗಬೇಕಾದಷ್ಟು ತಗ್ಗಿನ ಸೂರು, ಎಲ್ಲವನ್ನೂ ಬಿಡಿಸಿದೆ. ಸೂರು ಯಾಕೆ ಅಷ್ಟು ತಗ್ಗು ಅಂತ ಓರೆ ಮಳೆ ಹೊಡೆಯುವಾಗ ಜಗಲಿಯಲ್ಲಿ ಕೂತರೆ ಯಾರಿಗಾದರೂ ತಿಳಿಯುತ್ತದೆ. ಓರೆ ಗೋಡೆಯನ್ನು ಓರೆಯಾಗಿಯೇ ಎಳೆದೆ. ನೆಟ್ಟಗೆ ಮಾಡುವ ಆಸೆ ಆಗಿತ್ತು, ಹಾಳೆ ಚೆಂದ ಕಾಣುತ್ತಿತ್ತು. ಮಾಡಲಿಲ್ಲ.

ಮುಂದಿನದನ್ನು ಬೇಗ ಹೇಳುತ್ತೇನೆ. ಟ್ರೈನಿಂಗ್ ಸೆಮಿಸ್ಟರಿಗೆ ಬೆಂಗಳೂರಿನ ದೊಡ್ಡ ಆಫೀಸು ಬಿಟ್ಟು ಮಣ್ಣಿನ ಗೋಡೆ ಕಟ್ಟುವ ಸಣ್ಣ ಆಫೀಸಿಗೆ ಹೋದೆ, ಸ್ಟೈಪೆಂಡು ಊಟಕ್ಕೇ ಸರಿಹೋಗುತ್ತಿತ್ತು. ಥೀಸಿಸ್ ನಮ್ಮ ಸೀಮೆಯ ಮನೆಗಳ ಮೇಲೆಯೇ. ಎರಡು ವರ್ಷ ಕೆಲಸ ಮಾಡಿದೆ. ಹೊರದೇಶಕ್ಕೆ ಅರ್ಜಿ ಹಾಕಲು ಮೂರು ಶಿಫಾರಸು ಪತ್ರ ಬೇಕು ಅಂದಾಗ ತಿಳಿಯಿತು, ನನ್ನ ಕೆಲಸವನ್ನು ಹತ್ತಿರದಿಂದ ನೋಡಿದ್ದ ಇಬ್ಬರಲ್ಲಿ ಒಬ್ಬರು ಕಾಲೇಜು ಬಿಟ್ಟು ಫೋನ್ ನಂಬರೂ ಬದಲಾಯಿಸಿದ್ದಾರೆ. ಅವರನ್ನು ಹುಡುಕಲು ಒಂದು ತಿಂಗಳು ಹಿಡಿಯಿತು. ಅಷ್ಟರಲ್ಲಿ ಕೊನೆ ದಿನಾಂಕ ಮುಗಿದಿತ್ತು. ಇಲ್ಲೇ ಮಾಸ್ಟರ್ಸ್ ಸೇರಲು ಬರೆಯುವ ಗೇಟ್ ಪರೀಕ್ಷೆಯಲ್ಲಿ ಆರ್ಕಿಟೆಕ್ಚರ್ ಮತ್ತು ಪ್ಲ್ಯಾನಿಂಗ್ ಪೇಪರ್ ಬರೆದಿದ್ದು ಕೈ ಹಿಡಿಯಿತು. ಆ ಸ್ಕೋರು ಮೂರು ವರ್ಷ ನಡೆಯುತ್ತದೆ, ಎಂ.ಆರ್ಕ್. ಓದುವಾಗ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡೂ ಸಿಗುತ್ತಿತ್ತು. ಅಪ್ಪನ ಹತ್ತಿರ ಮತ್ತೆ ಕೈ ಚಾಚುವುದು ತಪ್ಪಿತು.

ಎಂ.ಆರ್ಕ್. ಸೇರುವ ಇಂಟರ್‌ವ್ಯೂಗೆ ಐವತ್ತು ಪುಟದ ಪೋರ್ಟ್‌ಫೋಲಿಯೋ ಒಯ್ದಿದ್ದೆ. ಕಂಪ್ಯೂಟರಿನಲ್ಲಿ ಹೊಳೆಯುವ ಹಾಗೆ ಮಾಡಿದ ಹೋಟೆಲ್ ಪ್ರಾಜೆಕ್ಟನ್ನು ಮೊದಲಿಗಿಟ್ಟಿದ್ದೆ, ಅದನ್ನು ಪಟಪಟನೆ ಮಗುಚಿದರು. ಮನೆಯ ಅಳತೆ ಹಾಳೆ ಬಂದಾಗ ಕೈ ನಿಂತಿತು. ಒಬ್ಬರು ಬೆರಳಿಟ್ಟು, "ಈ ಮೂಲೆ ತಪ್ಪಿದೆಯಲ್ಲ?" ಅಂದರು. ತಪ್ಪಿಲ್ಲ ಸರ್, ಏಳು ಇಂಚು ಓರೆ ಇದೆ ಅಂದೆ. ಯಾಕೆ ಅಂತ ಕೇಳಿದರು. ಮಳೆ, ಕುಸಿದ ಗೋಡೆ, ಹಲಸಿನ ಬೇರು, ಎಲ್ಲಾ ಹೇಳಿದೆ. ಮರ ಈಗಲೂ ಇದೆಯಾ ಅಂದರು. ಇದೆ, ಹಣ್ಣೂ ಬಿಡುತ್ತೆ ಅಂದೆ. ಇಂಟರ್‌ವ್ಯೂನ ಜಾಸ್ತಿ ಹೊತ್ತು ಹಲಸಿನ ಮರದ ಮೇಲೆಯೇ ನಡೆಯಿತು.

ಈಗ ಶಿವಮೊಗ್ಗದಲ್ಲೇ ಇದ್ದೇನೆ. ಹಳೆ ಮನೆಗಳ ರಿಪೇರಿ ಕೆಲಸ ಇದೆ, ಕೈ ತುಂಬಾ ಅಂತೇನಿಲ್ಲ. ಹೋದ ವಾರ ನಮ್ಮೂರಿನ ಒಂದು ಹುಡುಗಿ ಅಮ್ಮನ ಜೊತೆ ಬಂದಿದ್ದಳು, ಪಿಯುಸಿ. ಯಾವ ಕಾಲೇಜು ಒಳ್ಳೆಯದು ಅಂತ ಅಮ್ಮ ಕೇಳಿದರು. ಹುಡುಗಿ ಮಾತಾಡದೆ ಒಂದು ಡ್ರಾಯಿಂಗ್ ಹಾಳೆ ತೆಗೆದು ಮುಂದಿಟ್ಟಳು. ಅವರ ಮನೆಯ ಅಡಿಕೆ ಬೇಯಿಸುವ ಒಲೆ, ಅದರ ಮೇಲಿನ ಮಾಡು. ಹಂಡೆಯ ಕಂಠದ ಸುತ್ತ ಮಸಿ ಹಿಡಿದದ್ದನ್ನೂ ಬಿಡದೆ ಬಿಡಿಸಿದ್ದಾಳೆ. ಸ್ಕೇಲು ಎಷ್ಟು ಅಂತ ಕೇಳಿದೆ. ಬರೆದಿರಲಿಲ್ಲ. ಕೌನ್ಸಿಲ್‌ನ ಪಟ್ಟಿ ನೋಡುವುದು ಹೇಗೆ ಅಂತ ಅಮ್ಮನಿಗೆ ಫೋನಿನಲ್ಲಿ ತೋರಿಸಿ, ಟೇಪ್ ಒಂದನ್ನು ಹುಡುಗಿಯ ಕೈಗೆ ಕೊಟ್ಟು ಕಳಿಸಿದೆ. ವಾಪಸ್ ಕೊಡಬೇಕು ಅಂತಲೂ ಹೇಳಿದ್ದೇನೆ, ನನ್ನ ಹತ್ತಿರ ಇರುವ ಒಳ್ಳೆ ಟೇಪ್ ಅದೊಂದೇ.