ಓದಲು ಕೂರುವ ಮುನ್ನ ಗಂಟೆಯ ನಾದ

ಮಕ್ಕಳು ಓದಲು ಕೂರುವ ಮುನ್ನ ದೇವರ ಮನೆಯ ಗಂಟೆಯನ್ನು ಒಮ್ಮೆ ಮಾತ್ರ ಬಾರಿಸಿ, ಅದರ ನಾದ ಪೂರ್ತಿಯಾಗಿ ಅಡಗಿತೆಂದು ಅನಿಸಿದ ಕ್ಷಣದಲ್ಲಿ ಕೈ ಎತ್ತಲು ಹೇಳಿ. ಹೀಗೆ ಐದು ಸಲ ಮಾಡಿಸಿದ ಬಳಿಕ, ಹೊಟ್ಟೆಯ ಮೇಲೆ ಅಂಗೈ ಇರಿಸಿಕೊಂಡು ಹತ್ತು ಉಸಿರುಗಳನ್ನು ಎಣಿಸಲು ಬಿಡಿ. ಗಂಟೆ ಇಲ್ಲದಿದ್ದರೆ ಕಂಚಿನ ಬಟ್ಟಲನ್ನು ಬಿಡಿಸಿದ ಅಂಗೈಯ ಮೇಲಿಟ್ಟು ಚಮಚದಿಂದ ಮೆಲ್ಲಗೆ ತಟ್ಟಿದರೂ ಆದೀತು, ಆದರೆ ಬೆರಳುಗಳು ಅದರ ಅಂಚಿಗೆ ತಾಗಿದರೆ ನಾದ ಅಲ್ಲಿಯೇ ನಿಂತುಬಿಡುತ್ತದೆ. ‘ಮನಸ್ಸನ್ನು ಒಂದೆಡೆ ನಿಲ್ಲಿಸು’ ಎಂಬ ಮಾತು ಏಳೆಂಟು ವರ್ಷದ ಮಗುವಿಗೆ ಅರ್ಥವಾಗುವುದಿಲ್ಲ. ಕ್ಷೀಣಿಸುತ್ತಿರುವ ಧ್ವನಿಯಾದರೋ ಕಿವಿಗೆ ಸಿಗುವ ವಸ್ತು, ಅದು ಸಣ್ಣದಾದಷ್ಟೂ ಮಗು ತಾನಾಗಿಯೇ ಹೆಚ್ಚು ಗಮನ ಕೊಡಬೇಕಾಗುತ್ತದೆ. ಎಣಿಕೆ ತಪ್ಪಿದರೆ ಗದರಬೇಡಿ, ಏಕೆಂದರೆ ಮನಸ್ಸು ಅಲೆದದ್ದನ್ನು ಗುರುತಿಸಿ ಮತ್ತೆ ಒಂದರಿಂದ ಆರಂಭಿಸುವುದೇ ಇಲ್ಲಿ ನಿಜವಾದ ಅಭ್ಯಾಸ. ಹಸಿದ, ನಿದ್ದೆಗಣ್ಣಿನ ಅಥವಾ ಆಗಷ್ಟೇ ಕೈಯಿಂದ ಮೊಬೈಲ್ ಕಸಿಯಲ್ಪಟ್ಟ ಮಗುವಿನ ಮೇಲೆ ಇದು ನಡೆಯುವುದಿಲ್ಲ. ಶಿಕ್ಷೆಯಂತೆ ಕೂರಿಸಿದರಂತೂ ಗಂಟೆಯ ಸದ್ದಿಗೇ ಮುಖ ತಿರುಗಿಸುತ್ತದೆ. ಬ್ರಿಟನ್ನಿನ ಶಾಲೆಗಳಲ್ಲಿ 8,000ಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತರಗತಿಯಲ್ಲಿ ಎಲ್ಲರಿಗೂ ಒಟ್ಟಾಗಿ ಕಲಿಸಿದ ಇಂಥ ಧ್ಯಾನದಿಂದ ಮಕ್ಕಳ ಮಾನಸಿಕ ಆರೋಗ್ಯಕ್ಕೆ ಹೆಚ್ಚಿನ ಲಾಭ ಕಂಡುಬರಲಿಲ್ಲ, ಬಹುಪಾಲು ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೂ ಮಾಡಿರಲಿಲ್ಲ. ಆದ್ದರಿಂದ ಅತಿಯಾದ ನಿರೀಕ್ಷೆ ಬೇಡ. ಮನೆಯಲ್ಲೂ ಶಾಲೆಯಲ್ಲೂ ತಿಂಗಳುಗಟ್ಟಲೆ ಗಮನದ ತೊಂದರೆ ಕಾಣುತ್ತಿದ್ದರೆ ಗಂಟೆಯನ್ನೇ ನಂಬಿ ಕೂರದೆ ಮಕ್ಕಳ ವೈದ್ಯರಿಗೆ ತೋರಿಸಿ.