ಮುಖ ನನ್ನದು, ದನಿ ಇನ್ನೊಬ್ಬರದು

2017ರ ದಸರಾ ರಜೆಯಲ್ಲಿ, ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ, ನನಗೆ ಧಾರಾವಾಹಿಯೊಂದರಲ್ಲಿ ಪಾತ್ರ ಸಿಕ್ಕಿತು. ಬಳ್ಳಾರಿಯಲ್ಲಿ ಮಕ್ಕಳ ನಾಟಕವೊಂದರಲ್ಲಿ ಮುದುಕಿಯ ವೇಷ ಹಾಕಿದ್ದೆ. ಅಪ್ಪ ಅದನ್ನು ಮೊಬೈಲಿನಲ್ಲಿ ಹಿಡಿದು ಪರಿಚಯದವರ ಮೂಲಕ ಬೆಂಗಳೂರಿಗೆ ಕಳುಹಿಸಿದ್ದರು. ಆಡಿಷನ್‌ನಲ್ಲಿ ಅಭಿನಯದ ಬಗ್ಗೆ ಹೆಚ್ಚೇನೂ ಕೇಳಲಿಲ್ಲ. ಕ್ಯಾಮೆರಾ ಕಡೆ ನೋಡದೆ ಮಾತಾಡುತ್ತೀಯಾ, ನಿದ್ದೆಗೆಟ್ಟರೆ ಹಟ ಮಾಡುತ್ತೀಯಾ, ಇಷ್ಟೇ. ಹಟ ಮಾಡುವುದಿಲ್ಲ ಎಂದು ಅವ್ವನೇ ನನ್ನ ಪರವಾಗಿ ಹೇಳಿದಳು. ಅದು ಸುಳ್ಳಾಗಿತ್ತು.

ಅಂದಿನಿಂದ ತಿಂಗಳಿಗೆ ಎರಡು ಸಲ ಅವ್ವ, ನಾನು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತುತ್ತಿದ್ದೆವು. ಒಂದು ಚೀಲದಲ್ಲಿ ಶಾಲೆಯ ಪುಸ್ತಕ, ಇನ್ನೊಂದರಲ್ಲಿ ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ. ಯೂನಿಟ್‌ನ ಊಟ ಚೆನ್ನಾಗಿಯೇ ಇರುತ್ತಿತ್ತು, ಆದರೆ ಖಾರವಿರುತ್ತಿರಲಿಲ್ಲ. ನಮ್ಮ ರೊಟ್ಟಿಗೆ ಮೊದಲು ಕೈಚಾಚಿದವರು ಗದಗದ ಕಡೆಯ ಒಬ್ಬ ಲೈಟ್‌ಬಾಯ್.

ಮಾತು ಕಲಿಯುವುದೇ ನನಗೆ ಕಷ್ಟವಾಯಿತು. ಧಾರಾವಾಹಿಯಲ್ಲಿ ಮಕ್ಕಳಿಗೆ ಸಂಭಾಷಣೆಯನ್ನು ಬಾಯಿಪಾಠ ಮಾಡಿಸುವುದು ಕಡಿಮೆ. ಕ್ಯಾಮೆರಾದ ಪಕ್ಕದಲ್ಲಿ ನಿಂತ ಸಹಾಯಕ ನಿರ್ದೇಶಕರು ಸಾಲನ್ನು ಗಟ್ಟಿಯಾಗಿ ಓದುತ್ತಾರೆ. ಅದನ್ನು ಕೇಳಿ, ಒಂದು ಕ್ಷಣ ಬಿಟ್ಟು, ಅವರತ್ತ ಕಣ್ಣು ಹಾಯಿಸದೆ ಹೇಳಬೇಕು. ಪ್ರಾಂಪ್ಟಿಂಗ್ ನನಗೆ ಹೊಸದಲ್ಲ. ಸಿರುಗುಪ್ಪದ ಕಡೆ ನಮ್ಮ ಹಳ್ಳಿಯಲ್ಲಿ ಅಜ್ಜ ನಾಟಕದ ಮಾಸ್ತರರು. ಹಬ್ಬದ ನಾಟಕದ ರಾತ್ರಿ ಪರದೆಯ ಸಂದಿಯಲ್ಲಿ ಅವರ ತೊಡೆಯ ಮೇಲೆ ಕುಳಿತು, ಅವರು ಪಿಸುಗುಟ್ಟಿದ್ದನ್ನೇ ಗೌಡನ ಪಾತ್ರಧಾರಿ ಗುಡುಗುವುದನ್ನು ನೋಡಿ ಬೆಳೆದವಳು ನಾನು. ಹಾಗಾಗಿ ಕೇಳಿ ಹೇಳುವುದು ಸುಲಭ. ಆದರೆ ‘ಕೂತುಕೋ’ ಎಂಬ ಸಾಲು ಕಿವಿಗೆ ಬಿದ್ದರೂ ಬಾಯಲ್ಲಿ ನಮ್ಮ ಕಡೆಯ ‘ಕುಂದರು’ ಬರುತ್ತಿತ್ತು. ಇಡೀ ಯೂನಿಟ್ ನಗುತ್ತಿತ್ತು, ಮತ್ತೊಂದು ಟೇಕ್.

ಒಂದು ಅನುಕೂಲವೂ ಇತ್ತು. ಕಥೆಯಲ್ಲಿ ನನ್ನ ತಾಯಿಯಾಗಿದ್ದ ನಟಿಯನ್ನು ‘ಅಮ್ಮ’ ಎನ್ನಬೇಕಿತ್ತು, ಮನೆಯಲ್ಲಿ ನನಗಿದ್ದವಳು ಅವ್ವ. ಎರಡೂ ಎಂದೂ ಬೆರೆಯಲಿಲ್ಲ. ಮನೆಯಲ್ಲೂ ‘ಅಮ್ಮ’ ಎನ್ನುವ ಇನ್ನೊಬ್ಬ ಚಿಕ್ಕ ಹುಡುಗ, ಅವನ ಪಾತ್ರದ ತಾಯಿ ಸಾಯುವ ದೃಶ್ಯವಾದ ಮೇಲೆ ಎರಡು ದಿನ ತಾಯಿಯ ಸೆರಗು ಬಿಡಲಿಲ್ಲ. ಅಳಿಸಲೆಂದು ಮಕ್ಕಳಿಗೆ ‘ನಿನ್ನ ಅಜ್ಜಿ ಹೋಗಿಬಿಟ್ಟರು’ ಎಂದು ಸುಳ್ಳು ಹೇಳುವವರನ್ನೂ ನೋಡಿದ್ದೇನೆ. ಅದಕ್ಕಿಂತ ಕಣ್ಣೀರು ಬರಿಸಲು ಹಚ್ಚುವ ಗ್ಲಿಸರಿನ್ ವಾಸಿ, ಉರಿದರೂ ತೊಳೆದರೆ ಹೋಗುತ್ತದೆ.

ಧಾರಾವಾಹಿ ಪ್ರಸಾರವಾದ ಮೊದಲ ಸಂಜೆ ಹಳ್ಳಿಯ ಮನೆಯಲ್ಲಿ ನಿಲ್ಲಲು ಜಾಗವಿರಲಿಲ್ಲ. ನಾನು ಬಾಯಿ ತೆರೆದೆ, ಟಿವಿಯಲ್ಲಿ ಬೇರೆ ಯಾರೋ ಮಾತಾಡಿದರು. ಡಬ್ಬಿಂಗ್‌ನಲ್ಲಿ ನನ್ನ ದನಿ ತೆಗೆದು ಬೇರೆ ಕಲಾವಿದೆಯಿಂದ ಮಾತಾಡಿಸಿದ್ದರು. ಯಾರೂ ನಮಗೆ ತಿಳಿಸಿರಲಿಲ್ಲ. ಉಳಿದವರೆಲ್ಲ ಚಪ್ಪಾಳೆ ತಟ್ಟಿದರು. ಅಜ್ಜ ಮಾತ್ರ, ‘ನಿನಗೆ ನೆಗಡಿಯಾಗಿತ್ತೇ?’ ಎಂದು ಕೇಳಿದರು.

ಇಂಥ ಕೆಲಸಕ್ಕೆ ಮಕ್ಕಳನ್ನು ಕಳುಹಿಸುವವರು ತಿಳಿದಿರಬೇಕಾದ ನಿಯಮಗಳಿವೆ. ಬಾಲಕಾರ್ಮಿಕ ನಿಯಮಗಳಿಗೆ 2017ರಲ್ಲಿ ಆದ ತಿದ್ದುಪಡಿಯಂತೆ ಮಗುವಿನ ಕೆಲಸ ದಿನಕ್ಕೆ 5 ಗಂಟೆ ಮೀರಬಾರದು, ಬಿಡುವಿಲ್ಲದೆ 3 ಗಂಟೆ ದಾಟಬಾರದು, ಸತತ 27 ದಿನಕ್ಕಿಂತ ಹೆಚ್ಚು ಇರಬಾರದು. ಚಿತ್ರೀಕರಣ ನಡೆಯುವ ಜಿಲ್ಲೆಯ ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿಯನ್ನು ನಿರ್ಮಾಪಕರು ಪಡೆಯಬೇಕು. ಸಂಭಾವನೆಯ ಕನಿಷ್ಠ ಶೇ. 20ರಷ್ಟನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೆ ಠೇವಣಿ ಇಡಬೇಕು. ಅವ್ವ ಅನುಮತಿ ಪತ್ರದ ಬಗ್ಗೆ ಕೇಳಿದಾಗ, ‘ಅದೆಲ್ಲ ನಾವು ನೋಡಿಕೊಳ್ಳುತ್ತೇವಮ್ಮ’ ಎಂದರು ನಿರ್ಮಾಪಕರ ಕಡೆಯವರು. ಏನು ನೋಡಿಕೊಂಡರೋ, ಎಷ್ಟೋ ರಾತ್ರಿ ಹತ್ತು ಗಂಟೆಗೆ ನನ್ನನ್ನು ಎಬ್ಬಿಸಿ ಕ್ಲೋಸಪ್ ತೆಗೆದಿದ್ದಾರೆ. ಠೇವಣಿಯ ವಿಷಯದಲ್ಲಿ ಮಾತ್ರ ಅವ್ವ ಯಾರನ್ನೂ ನಂಬಲಿಲ್ಲ. ತಿಂಗಳುಗಟ್ಟಲೆ ತಡವಾಗಿ ಬಂದ ಪ್ರತಿ ಚೆಕ್ಕಿನಿಂದಲೂ ತಾನೇ ಲೆಕ್ಕ ಹಾಕಿ ಬಳ್ಳಾರಿಯ ಬ್ಯಾಂಕಿನಲ್ಲಿಟ್ಟಳು.

ಮರುವರ್ಷ ನನ್ನ ಮೇಲಿನ ಕೋರೆಹಲ್ಲು ಬಿತ್ತು. ಬಾಗಿಲು ತೆರೆಯುವ ಶಾಟ್‌ನಲ್ಲಿ ಹಲ್ಲಿತ್ತು, ಒಳಗೆ ಬರುವ ಶಾಟ್‌ನ ಹೊತ್ತಿಗೆ ಇರಲಿಲ್ಲ. ಕಂಟಿನ್ಯುಟಿ, ಅಂದರೆ ಒಂದು ಶಾಟ್‌ಗೂ ಮುಂದಿನದಕ್ಕೂ ಎಲ್ಲ ಹೊಂದುತ್ತದೆಯೇ ಎಂದು ನೋಡುವ ಹುಡುಗ ತಲೆಯ ಮೇಲೆ ಕೈಹೊತ್ತು ಕುಳಿತ. ಕೆಲವು ವಾರ ನನ್ನ ಪಾತ್ರ ತುಟಿ ಬಿಚ್ಚದೆ ದುಃಖದಲ್ಲಿತ್ತು. ಅಷ್ಟರಲ್ಲಿ ಎತ್ತರವೂ ಏರಿತ್ತು, ಫ್ರಾಕ್ ಬಿಗಿಯಾಗಿತ್ತು. ಒಂದು ಶುಕ್ರವಾರ ಕಥೆ ‘ಹದಿನೈದು ವರ್ಷಗಳ ನಂತರ’ ಎಂದು ಹಾರಿತು. ಸೋಮವಾರದಿಂದ ನನ್ನ ಹೆಸರಿನಲ್ಲಿ ಬೇರೊಬ್ಬರು ಕಾಲೇಜಿಗೆ ಹೋದರು.

ಆಮೇಲೆ ಒಂದು ಸಿನಿಮಾದಲ್ಲಿ ನಾಲ್ಕು ದೃಶ್ಯ. ಉತ್ತರ ಕರ್ನಾಟಕದ ಹುಡುಗಿಯ ಪಾತ್ರ, ನನ್ನದೇ ದನಿ ಬೇಕೆಂದರು. ಡಬ್ಬಿಂಗ್ ಕೋಣೆಯಲ್ಲಿ ತೆರೆಯ ಮೇಲಿನ ತುಟಿಗೆ ಮಾತು ಹೊಂದಿಸುತ್ತ ನಾನು ಮನೆಯಲ್ಲಿ ಆಡುವಂತೆಯೇ ಆಡಿದೆ. ‘ಇಷ್ಟು ಸಾಲದು, ಇನ್ನೂ ಎಳೆದು ಒರಟಾಗಿ ಹೇಳಮ್ಮ, ಜನ ನಗಬೇಕು’ ಎಂದರು. ಹೇಳಿದೆ. ಸಿನಿಮಾ ನೋಡಿ ಬಂದ ಅಜ್ಜ ಚಪ್ಪಲಿ ಬಿಡುತ್ತಲೇ ಕೇಳಿದರು, ‘ದನಿ ನಿನ್ನದೇ ಸರಿ, ಆದರೆ ಆ ಮಾತು ಯಾವ ಊರಿನದು?’

ಮುಂದಿನ ಅವಕಾಶ ಬಂದಾಗ ನಾನು ಒಂಬತ್ತನೆಯ ತರಗತಿ. ಮಗುವೂ ಅಲ್ಲ, ನಾಯಕಿಯೂ ಅಲ್ಲದ ವಯಸ್ಸು. ಬೇಡ ಎಂದೆ. ಹದಿನೆಂಟು ತುಂಬಿದ ಮೇಲೆ ಅವ್ವನೊಂದಿಗೆ ಬ್ಯಾಂಕಿಗೆ ಹೋಗಿ ಠೇವಣಿ ಬಿಡಿಸಿದೆ. ಕೌಂಟರಿನವರು ಗುರುತಿನ ಚೀಟಿಯನ್ನೂ ನನ್ನ ಮುಖವನ್ನೂ ಎರಡು ಸಲ ನೋಡಿ, ಎಲ್ಲೋ ನೋಡಿದ ಹಾಗಿದೆ ಎಂದರು. ಹಣ ಪದವಿಯ ಮೊದಲ ವರ್ಷದ ಶುಲ್ಕಕ್ಕೆ, ಹಾಸ್ಟೆಲಿಗೆ ಸಾಕಾಯಿತು.